ಮಾವನೂ ಮಳವಳ್ಳಿಯ ಬೀಡಿಗಳೂ

ನನ್ನ ಸೋದರಮಾವನಷ್ಟು ಕಾನೂನು ಪಾಲಿಸಿದ ಮನುಷ್ಯ ಇಡೀ ಮಂಡ್ಯ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಅವನಷ್ಟು ಬೀಡಿ ಸೇದಿದವನೂ ಇರಲಿಲ್ಲ! ಇವೆರಡೂ ಒಂದೇ ಮೈಯಲ್ಲಿ ಹೇಗೆ ಹೊಂದಿಕೊಂಡಿದ್ದವು ಅನ್ನುತ್ತೀರಾ? ಹೊಂದಿಕೊಂಡಿರಲಿಲ್ಲ, ಅದೇ ತಾಪತ್ರಯ.

ಎಪ್ಪತ್ತರ ದಶಕದ ಮಾತು. ನಾನು ಮಂಡ್ಯದಲ್ಲಿ ಕಾಲೇಜು ಓದುತ್ತ, ರಜೆ ಸಿಕ್ಕರೆ ಮಳವಳ್ಳಿಗೆ ಅಜ್ಜಿಯ ಮನೆಗೆ ಓಡುತ್ತಿದ್ದೆ. ಮಾವ ಅಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ಬಸ್ ಸ್ಟ್ಯಾಂಡು, ಸಂತೆ, ಸಿನಿಮಾ ಟೆಂಟು, ಕಚೇರಿ ಜಗಲಿ, ಎಲ್ಲೂ ಬೀಡಿ ಸಿಗರೇಟು ಸೇದಕೂಡದೆಂದು ಊರಿಗೊಂದು ನಿಯಮ ಬಂತು, ಬಸ್ ಸ್ಟ್ಯಾಂಡಿನಲ್ಲಿ ಅದರ ಬೋರ್ಡೂ ನಿಂತಿತು. ಊರವರು ಬೋರ್ಡನ್ನು ಗಟ್ಟಿಯಾಗಿ ಓದಿದರು. ಓದಿ ಅದರ ಕಂಬಕ್ಕೇ ಒರಗಿಕೊಂಡು ಬೀಡಿ ಹಚ್ಚಿದರು! ನಿಯಮವನ್ನು ನಿಜವೆಂದು ನಂಬಿದವನು ಮಾವ ಒಬ್ಬನೇ.

ಹೊರಗೆ ಸೇದುವಂತಿಲ್ಲ. ಮನೆಯಲ್ಲಿ ಸೇದೋಣವೆಂದರೆ ಅಜ್ಜಿ! ನಮ್ಮ ಕಡೆ ಗಂಡಸಿಗೆ ಮೀಸೆ ನರೆತರೂ ಹೆತ್ತವರ ಮುಂದೆ, ಹಿರಿಯರ ಮುಂದೆ ಬೀಡಿ ಹಚ್ಚುವುದಿಲ್ಲ. ನಲವತ್ತೈದು ದಾಟಿದ, ಮದುವೆಯನ್ನೇ ಆಗದ ಮಾವನಿಗೆ ಬದುಕಿನಲ್ಲಿದ್ದ ಭಯ ಒಂದೇ: ತಾನು ಸೇದುವುದು ಅವ್ವನಿಗೆ ಗೊತ್ತಾಗಬಾರದು. "ಗೊತ್ತಾದ್ ದಿನ ಅವ್ವನ ಮುಕ ಎಂಗ್ ನೋಡ್ಲವ್ವ?" ಎಂದು ಅಕ್ಕನ ಮಗಳಾದ ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದ.

ಹಾಗಾಗಿ ಮಾವ ದಿನಕ್ಕೆ ನಾಲ್ಕು ಸಲ ಸೈಕಲ್ ತುಳಿದುಕೊಂಡು, ಮದ್ದೂರು ರಸ್ತೆಯಲ್ಲಿ ಊರಿನ ಎಲ್ಲೆಯ ಕಲ್ಲಿನ ತನಕ ಹೋಗುತ್ತಿದ್ದ. ಕಲ್ಲು ದಾಟಿ, ಎರಡು ಹೆಜ್ಜೆ ಎಣಿಸಿ, ಆಮೇಲೆ ಕಡ್ಡಿ ಗೀರುವುದು. ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ರೈತನೊಬ್ಬ ಒಂದು ದಿನ ಕೇಳಿಯೇಬಿಟ್ಟ.

"ಇನ್‌ಸ್ಪೆಟ್ರೇ, ಗಾಳಿ ಊರ್ ಕಡೀಕೆ ಬೀಸ್ತಾ ಅದೆ. ನೀವ್ ಆಚೆ ನಿಂತಿದ್ರೂ ನಿಮ್ ಒಗೆ ಒಳೀಕೆ ಓಯ್ತಾ ಅದಲ್ಲ, ಇದ್ಕೇನು ಕಾನೂನು?"

ಬೇರೆಯವರಾಗಿದ್ದರೆ ಬೈದು ಕಳಿಸುತ್ತಿದ್ದರು. ಮಾವ ಅರ್ಧ ಸೇದಿದ್ದನ್ನು ಆರಿಸಿ, ಯೋಚಿಸುತ್ತ ಮನೆಗೆ ಬಂದ! ಮಾರನೆಯ ದಿನದಿಂದ ಒಂದು ಹಿಡಿ ಮಣ್ಣು ತೂರಿ ಗಾಳಿ ನೋಡುವುದು ಶುರುವಾಯಿತು. ಗಾಳಿ ತಿರುಗಿದ್ದರೆ ಮದ್ದೂರು ರಸ್ತೆ ಬಿಟ್ಟು, ಇಡೀ ಊರು ದಾಟಿ, ಕೊಳ್ಳೇಗಾಲದ ರಸ್ತೆ. ಇಂಥವನಿಗೆ ಯಾರು ತಾನೇ ಹೆಣ್ಣು ಕೊಟ್ಟಾರು, ನೀವೇ ಹೇಳಿ!

ಇತ್ತ ಬಸ್ ಸ್ಟ್ಯಾಂಡಿನಲ್ಲಿ ಅವನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. "ಬೀಡಿ ಆರ್ಸಲಾ!" ಎಂದು ಗುಡುಗಿದರೆ, "ಅಚ್ಚಿರೋದೊಂದು ಮುಗೀಲಿ ಬುಡಿ ಸ್ವಾಮಿ" ಎಂಬ ಸಮಾಧಾನದ ಉತ್ತರ. ಹೀಗಿರುವಾಗ ಒಂದು ಬೆಳಿಗ್ಗೆ ಮಂಡ್ಯದ ಬಸ್ಸಿನಿಂದ ಊರಿನವರೇ ಆದ ಎಪ್ಪತ್ತು ವರ್ಷದ ಗೌಡರೊಬ್ಬರು ಇಳಿದರು. ಸ್ಟ್ಯಾಂಡಿನ ಅಷ್ಟೂ ಬೀಡಿಗಳು ಸರಕ್ಕನೆ ಬೆನ್ನ ಹಿಂದೆ! ಮಾವನ ತಲೆಯಲ್ಲಿ ಕರೆಂಟು ಬಂತು. ಬೋರ್ಡಿಗೆ ಹೆದರದ ಜನ ಬಿಳಿ ಮೀಸೆಗೆ ಹೆದರುತ್ತಾರೆ! ಗೌಡರಿಗೆ ಕೈಮುಗಿದು, ದಿನಾ ಬಂದು ಬೆಂಚಿನ ಮೇಲೆ ಸುಮ್ಮನೆ ಕೂತಿರುವಂತೆ ಒಪ್ಪಿಸಿದ.

ಎರಡು ದಿನ ಎಲ್ಲ ಸಾಂಗವಾಗಿ ನಡೆಯಿತು. ಮೂರನೆಯ ದಿನ ಗೌಡರು ಸುತ್ತಲೂ ಕಣ್ಣಾಡಿಸಿ, ತಮಗಿಂತ ಹಿರಿಯರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೊಂಟದಿಂದ ಬೀಡಿ ಕಟ್ಟು ತೆಗೆದರು! ಅವರೇ ಹಚ್ಚಿದ ಮೇಲೆ ಉಳಿದವರೂ ಧೈರ್ಯವಾಗಿ ಹಚ್ಚಿದರು.

ಹಿರಿಯರಿಗೆ ಆರಿಸಿ ಅನ್ನುವುದು ಹೇಗೆ? ಮಾವ ಸೈಕಲ್ ಹತ್ತಿ ಹೋದ. ಅರ್ಧ ಗಂಟೆಗೆ ವಾಪಸು ಬಂದಾಗ ಕ್ಯಾರಿಯರ್ ಮೇಲೆ ಎಪ್ಪತ್ತೆಂಟರ ನಮ್ಮಜ್ಜಿ! ಹಿಂದೆಯೇ ಓಡಿಬಂದವಳು ನಾನು. ಅಜ್ಜಿಯನ್ನು ಕಂಡದ್ದೇ ಗೌಡರು ಎದ್ದು ನಿಂತು, "ಬನ್ನಿ ಅಕ್ಕಾ, ಕುಂತ್ಕಳಿ" ಎನ್ನುತ್ತ ಬೀಡಿಯನ್ನು ಬೆನ್ನ ಹಿಂದಕ್ಕೆ ಸರಿಸಿದರು. ಉಳಿದವರದೂ ಹಿಂದಕ್ಕೆ ಹೋಯಿತು. ಮಾವ ಗೆದ್ದಿದ್ದ!

ಗೆದ್ದವನು ಸುಮ್ಮನಿರಬೇಕೋ ಬೇಡವೋ? "ನೋಡವ್ವ, ಈ ಜನ ಬೀಡಿ ಸೇದಿ ಸೇದಿ ಊರ್ನೇ ಆಳ್ ಮಾಡ್ತಾವ್ರೆ" ಎಂದು ಭಾಷಣ ತೆಗೆದ. ಅಜ್ಜಿ ಎಲೆಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವನನ್ನು ಹತ್ತಿರ ಕರೆದಳು. ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸುವಷ್ಟು ತಗ್ಗಿದ ದನಿ.

"ಅಲ್ ಕಣ್ ಮಗಾ, ಒಂದು ಬೀಡಿ ಸೇದಕ್ಕೆ ಈ ಬಿಸ್ಲಲ್ಲಿ ಅಷ್ಟು ದೂರ ಯಾಕ್ಲಾ ಸೈಕಲ್ ತುಳೀತೀಯ? ಮನೆ ಇತ್ಲಲ್ಲೇ ಸೇದು. ಆವಾಗ ನಾನು ಆ ಕಡೀಕೆ ಬರಾಕಿಲ್ಲ."

"ನಿಂಗೆ... ಯಾರೇಳಿದ್ರವ್ವ?"

"ಯಾರೇಳ್ಬೇಕ್ಲಾ? ಇಷ್ಟ್ ವರ್ಸದಿಂದ ನಿನ್ ಅಂಗಿ ಒಗಿಯೋಳು ನಾನಲ್ವಾ?"

ಊರಿಗೆಲ್ಲ ಗುಡುಗುತ್ತಿದ್ದ ಮನುಷ್ಯ ಅಲ್ಲೇ ನೆಲಕ್ಕೆ ಕುಸಿದ. ಅವ್ವನ ಮಡಿಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವನನ್ನು ನೋಡಿ ನಗುವುದನ್ನೇ ಕಲಿತಿದ್ದ ನನಗೂ ಅಳು ಬಂದುಬಿಟ್ಟಿತು. ಏನಾಯಿತೆಂದು ಸುತ್ತಲಿದ್ದವರಿಗೆ ತಿಳಿಯಲಿಲ್ಲ. ಯಾರೋ ತೀರಿಕೊಂಡ ಸುದ್ದಿ ಬಂತೆಂದುಕೊಂಡರೋ ಏನೋ. ಮೊದಲು ಗೌಡರು ಬೆನ್ನ ಹಿಂದಿನ ಬೀಡಿಯನ್ನು ಕೆಳಗೆ ಹಾಕಿ, ಮೆಟ್ಟಿನಲ್ಲಿ ಹೊಸಕಿದರು. ಆಮೇಲೆ ಡ್ರೈವರು, ಕಂಡಕ್ಟರು, ಮಿಕ್ಕವರೂ ಒಬ್ಬೊಬ್ಬರಾಗಿ ಹೊಸಕಿದರು.

ಅಜ್ಜಿ ಯಾರ ಕಡೆಗೂ ನೋಡಲಿಲ್ಲ. ಮಗನ ನರೆತ ತಲೆ ಸವರುತ್ತ ಕೂತಿದ್ದಳು.