ಯಾರೂ ತೆಗೆಯಲಾಗದ ಬೀಗ

ಹಾಲಿನ ಪ್ಯಾಕೆಟ್ಟು ಹೊಸ್ತಿಲಿನಿಂದ ಒಂದು ಮಾರು ದೂರ ಬಿದ್ದದ್ದೇ ಎಲ್ಲಕ್ಕೂ ಮೂಲ. ಹೊಸ್ತಿಲ ಪಕ್ಕದಲ್ಲೇ ಬಿದ್ದಿದ್ದರೆ ಟೂಲ್‌ರೂಮಿನವರು ಒಂದು ಕಾಲನ್ನು ಒಳಗೇ ಊರಿ, ಬಗ್ಗಿ, ಎತ್ತಿಕೊಂಡುಬಿಡುತ್ತಿದ್ದರು. ಹಾಲಿನವನಿಗೆ ಆವತ್ತು ಅದೇನು ಆತುರವಿತ್ತೋ, ಮೆಟ್ಟಿಲ ಮೇಲಿಂದಲೇ ಎಸೆದು ಹೋಗಿದ್ದ. ಅವರು ಎರಡೂ ಕಾಲುಗಳನ್ನು ಹೊರಗಿಡಬೇಕಾಯಿತು. ಅಷ್ಟರಲ್ಲಿ ಗಾಳಿ ಬೀಸಿ ಬಾಗಿಲು ಮುಚ್ಚಿಕೊಂಡಿತು. ‘ಟಿಕ್’ ಎಂದು ಸಣ್ಣದೊಂದು ಸದ್ದಾಯಿತು.

ಆ ಸದ್ದು ಕೇಳಿ ಅವರಿಗೆ ಮೊದಲು ಆದದ್ದು ಸಂತೋಷ. ಎಷ್ಟು ಚೊಕ್ಕವಾಗಿ ಬಿತ್ತು! ಬನಿಯನ್, ಟವೆಲ್ಲಿನಲ್ಲಿ, ಬಾಯಿ ತುಂಬ ಪೇಸ್ಟಿನ ನೊರೆ ತುಂಬಿಕೊಂಡು, ಕೈಯಲ್ಲಿ ಹಾಲು ಹಿಡಿದು ತಾವು ಹೊರಗೆ ನಿಂತಿದ್ದೇವೆ ಎನ್ನುವುದು ಆಮೇಲೆ ಗಮನಕ್ಕೆ ಬಂತು. ಬೀಗದಕೈ ಒಳಗೆ ಗೋಡೆಯ ಮೊಳೆಯಲ್ಲಿ ನೆಮ್ಮದಿಯಾಗಿ ನೇತಾಡುತ್ತಿತ್ತು.

ಬಾಗಿಲು ಮುಚ್ಚಿದರೆ ತಾನೇ ಬೀಳುವ ಅದು ಅಂಗಡಿಯ ಬೀಗವಲ್ಲ, ಅವರೇ ಮಾಡಿದ್ದು. ಲೋಹ ಕಡೆಯುವ ಲೇತಿನ ಮುಂದೆ ನಿಂತು, ಅಚ್ಚುಗಳ ನಕ್ಷೆ ಬರೆದು ತಲೆಗೂದಲು ಬೆಳ್ಳಗಾದ ಮನುಷ್ಯ. ಹಳೆಯ ಊರಿನ ಕಾರ್ಖಾನೆ ಮುಚ್ಚಿದಾಗ, ಅನುಭವಸ್ಥರು ಬೇಕು ಎಂದು ಈ ಊರಿನ ಕಾರ್ಖಾನೆಯವರು ಕರೆದರು. ಬಂದು ವರ್ಷ ಕಳೆದರೂ ವಠಾರದಲ್ಲಿ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ‘ಎಲ್ಲಿ ಕೆಲಸ?’ ಎಂದು ಮೊದಲ ದಿನ ಯಾರೋ ಕೇಳಿದ್ದಕ್ಕೆ, ಕಾರ್ಖಾನೆಯಲ್ಲಿ ಸಲಕರಣೆ ಮಾಡುವ ವಿಭಾಗದ ಹೆಸರನ್ನೇ ಹಿಡಿದು ‘ಟೂಲ್‌ರೂಮು’ ಎಂದಿದ್ದರು. ಅದೇ ಹೆಸರಾಗಿ ನಿಂತಿತು.

ಹೆಂಡತಿ ಮಾತ್ರ ಬಂದಿರಲಿಲ್ಲ. ಮಗಳು ಮದುವೆಯಾಗಿ ಹೋಗಿದ್ದಳು. ಹಳೆಯ ಊರಿನ ಬಾಡಿಗೆ ಮನೆಯಲ್ಲಿ ಆಕೆ ಒಬ್ಬಳು, ಇಲ್ಲಿ ಇವರೊಬ್ಬರು. ಫೋನಿನಲ್ಲಿ ಕರೆದಾಗಲೆಲ್ಲ ಒಂದೇ ಮಾತು. “ನೀವು ಬೆಳಗಾದ್ರೆ ಫ್ಯಾಕ್ಟರಿಗೆ ಹೋಗಿಬಿಡ್ತೀರಿ. ಗುರುತು ಪರಿಚಯ ಇಲ್ಲದ ಊರಲ್ಲಿ ನಾನೊಬ್ಬಳೇ ಇರೋದಾ? ಯಾರಾದ್ರೂ ಬಾಗಿಲು ತೆಗೆದು ಒಳಗೆ ಬಂದ್ರೆ?”

ಬೇರೆ ಗಂಡಸರಾಗಿದ್ದರೆ ಧೈರ್ಯ ಹೇಳುತ್ತಿದ್ದರು. ಟೂಲ್‌ರೂಮಿನವರು ಬೀಗ ಮಾಡಲು ಕೂತರು. ಕೆಲಸ ಮುಗಿದ ಮೇಲೆ ಕಾರ್ಖಾನೆಯ ಲೇತಿನಲ್ಲೇ, ಮೂಲೆಗೆ ಬಿದ್ದಿದ್ದ ಹಿತ್ತಾಳೆಯ ತುಂಡುಗಳನ್ನು ಕಡೆದು, ಅರದಿಂದ ಉಜ್ಜಿ, ಕೂದಲೆಳೆಯಷ್ಟೂ ಸಡಿಲವಿರದಂತೆ ಕೂರಿಸಿದರು. ಆ ಸಂಜೆಗಳಲ್ಲಿ ಮನೆ ಅಷ್ಟಾಗಿ ನೆನಪಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮನೆ ಬಿಟ್ಟು ಬೇರೇನೂ ನೆನಪಾಗುತ್ತಿರಲಿಲ್ಲ, ಆದರೆ ಕೈಗೆ ಕೆಲಸವಿತ್ತು. ಎರಡು ಬೀಗದಕೈ ಮಾಡಿ ಒಂದನ್ನು ಊರ ಕಡೆ ಹೊರಟಿದ್ದ ಜೊತೆಗಾರನ ಕೈಯಲ್ಲಿ ಕಳಿಸಿ, ಫೋನಿನಲ್ಲಿ ಹೇಳಿದರು. “ಈ ಬೀಗ ಯಾರಪ್ಪನ ಕೈಲೂ ತೆಗೆಯೋಕಾಗಲ್ಲ. ನೀನು ಬಂದಾಗ ಬಾಗಿಲು ತಟ್ಟೋದೂ ಬೇಡ. ನಿನ್ನ ಮನೆ, ತೆಕ್ಕೊಂಡು ಒಳಗೆ ಬಾ.”

ಆಕೆ, “ಶನಿವಾರ ಸಂಜೆ ಬಸ್ಸಿಗೆ ಬರ್ತೀನಿ. ಬೀಗ ನೋಡ್ತೀನಿ. ಇರೋದೋ ಬಿಡೋದೋ ಆಮೇಲೆ ಹೇಳ್ತೀನಿ” ಎಂದಿದ್ದಳು.

ಇಂದೇ ಆ ಶನಿವಾರ.

ಸಂಜೆಯವರೆಗೆ ಮೆಟ್ಟಿಲ ಮೇಲೆ ಕೂತು ಕಾಯಬಹುದಿತ್ತು. ಆದರೆ ಬಚ್ಚಲಿನಲ್ಲಿ ನಲ್ಲಿ ತೆರೆದೇ ಇತ್ತು. ಬಕೆಟ್ಟು ತುಂಬಿ ಹರಿಯುವ ಸದ್ದು ಬಾಗಿಲಾಚೆಗೂ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮನೆಯೊಡತಿಯ ದನಿಯೂ ಕೇಳಿತು.

“ಟ್ಯಾಂಕಲ್ಲಿ ನೀರು ತಳ ಕಾಣ್ತಿದೆ! ಯಾರ ಮನೇಲಿ ಇವತ್ತು ಆನೆಗೆ ಸ್ನಾನ?”

ಅವಳು ಮೇಲೆ ಬಂದು, ಟವೆಲ್ಲಿನ ಗಂಡಸನ್ನು ಕಂಡು, ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ವಿಚಾರಣೆ ನಡೆಸಿದಳು. ವಿಷಯ ತಿಳಿದ ಕೂಡಲೇ ತಾರಸಿಗೆ ಹೋಗಿ ವಾಲ್ವು ತಿರುಗಿಸಿ ಬಂದಳು. ಅಲ್ಲಿಗೆ ವಠಾರದ ಅಷ್ಟೂ ಮನೆಗಳ ನಲ್ಲಿ ಒಣಗಿತು. ಟೂಲ್‌ರೂಮಿನವರ ಬೀಗ ಎಲ್ಲರ ತಲೆನೋವಾಯಿತು.

“ಬಾಗಿಲು ಒಡೆಯೋದೇ ವಾಸಿ ಅಮ್ಮಾ” ಎಂದರು ಎದುರು ಮನೆಯ ನಿವೃತ್ತ ಮೇಷ್ಟ್ರು, ತಲೆಗೆ ಹಚ್ಚಿದ್ದ ಸೋಪನ್ನು ಒರೆಸಿಕೊಳ್ಳುತ್ತ.

“ನಮ್ಮಪ್ಪ ಮಾಡಿಸಿದ ಬಾಗಿಲು ಅದು. ಮುಟ್ಟಿದ್ರೆ ನೋಡಿ ಮತ್ತೆ!” ಎಂದಳು ಮನೆಯೊಡತಿ.

ಟೂಲ್‌ರೂಮಿನವರು ಮೆಲ್ಲಗೆ, “ಸಂಜೆ ನನ್ನಾಕೆ ಬರ್ತಾಳೆ. ಅವಳ ಹತ್ರ ಇನ್ನೊಂದು ಕೀ ಇದೆ” ಎಂದರು.

“ಅಲ್ಲೀತನಕ ನಾನು ಸೋಪಲ್ಲೇ ಇರ್ಲಾ? ನೀವೇ ಮಾಡಿದ ಬೀಗ ಅಂತೀರಿ, ನೀವೇ ತೆಗೀಬಾರ್ದೇನ್ರೀ?”

“ನನ್ನಿಂದಲೂ ಆಗಬಾರದು ಅಂತಲೇ ಮಾಡಿದ್ದು ಮೇಷ್ಟ್ರೇ. ಹೊಸ ಕೀ ಮಾಡೋಕೆ ಅಳತೆ ಬೇಕು. ಅಳತೆ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಒಳಗಿದೆ.”

ಪಕ್ಕದ ಕೋಣೆಯ ದರ್ಜಿಗೆ ಕನಿಕರ ಬಂತು. “ಅಣ್ಣಾ, ಮೊದಲು ಮೈ ಮುಚ್ಕೊಳ್ಳಿ” ಎಂದು ಹೊಲಿದಿಟ್ಟ ಪ್ಯಾಂಟು, ಶರ್ಟು ತಂದುಕೊಟ್ಟ. ಯಾವನೋ ದಢೂತಿ ಗಿರಾಕಿ ಹೊಲಿಸಿ, ಕೊಂಡೊಯ್ಯದೆ ನಾಪತ್ತೆಯಾದ ಬಟ್ಟೆಗಳವು. ಪ್ಯಾಂಟಿನೊಳಗೆ ಟೂಲ್‌ರೂಮಿನವರಲ್ಲದೆ ಇನ್ನೊಬ್ಬರಿಗೂ ಜಾಗವಿತ್ತು. ಸೊಂಟಕ್ಕೆ ದರ್ಜಿಯೇ ಪಿನ್ನು ಚುಚ್ಚಿದ.

ಪರದೆ ಇನ್ನೂ ಕಟ್ಟಿರಲಿಲ್ಲವಾದ್ದರಿಂದ ಕಿಟಕಿಯ ಸರಳುಗಳ ನಡುವಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಮೊಳೆಯಲ್ಲಿ ಬೀಗದಕೈ, ಮೇಜಿನ ಮೇಲೆ ಮಡಿಸಿಟ್ಟ ಹೊಸ ಪರದೆ, ಒಲೆಯ ಪಕ್ಕ ಅವರ ಹಳೆಯ ಲೋಟದ ಜೊತೆಗೆ ಮೊನ್ನೆ ತಂದ ಇನ್ನೊಂದು ಲೋಟ, ಮಂಚದ ಮೇಲೆ ಎರಡನೆಯ ದಿಂಬು. ತಮ್ಮ ಆಸೆಯನ್ನು ಎಲ್ಲರೂ ಸಾಲಾಗಿ ನಿಂತು ಇಣುಕಿ ನೋಡುತ್ತಿದ್ದಾರೆ ಅನ್ನಿಸಿ ಟೂಲ್‌ರೂಮಿನವರಿಗೆ ನಾಚಿಕೆಯಾಯಿತು.

ಮೇಷ್ಟ್ರು ಬಟ್ಟೆ ಒಣಹಾಕುವ ಕೋಲಿನ ತುದಿಗೆ ಆಯಸ್ಕಾಂತ ಕಟ್ಟಿಕೊಂಡು ಬಂದರು. “ಇದು ಪಾಠ ಮಾಡಿದ ಕೈ. ದೂರ ಸರೀರಿ.”

“ಅದು ಹಿತ್ತಾಳೆ, ಮೇಷ್ಟ್ರೇ. ಅಂಟಲ್ಲ” ಎಂದು ಟೂಲ್‌ರೂಮಿನವರು ಹೇಳಿ ಮುಗಿಸುವಷ್ಟರಲ್ಲಿ ಕೋಲು ಒಳಗೆ ಹೋಗಿತ್ತು. ಅಂಟಲಿಲ್ಲ. ಆದರೆ ಕೋಲಿನ ತುದಿ ತಾಗಿ ಬೀಗದಕೈ ಮೊಳೆಯಿಂದ ಜಾರಿ, ಬೀರುವಿನ ಹಿಂದಕ್ಕೆ ಬಿತ್ತು.

“ಜಾಗ ಬದಲಾಯ್ತು, ಅಷ್ಟೇ” ಎಂದರು ಮೇಷ್ಟ್ರು.

ಮನೆಯೊಡತಿ ಪೇಟೆಯಿಂದ ಬೀಗ ರಿಪೇರಿಯವನನ್ನು ಕರೆಸಿದಳು. ಟೂಲ್‌ರೂಮಿನವರ ನಿಜವಾದ ಸಂಕಟ ಶುರುವಾದದ್ದು ಆಗ. ಬೀಗ ತೆಗೆಯದಿದ್ದರೆ ವಠಾರದವರ ಶಾಪ, ಬೀದಿಯಲ್ಲಿ ನಿಂತ ಗಂಡನ ದರ್ಶನ ಹೆಂಡತಿಗೆ. ತೆಗೆದುಬಿಟ್ಟರೋ, ಅದಕ್ಕಿಂತ ಕೇಡು. ಪೇಟೆಯವನೊಬ್ಬ ತಂತಿ ಹಾಕಿ ತೆಗೆದ ಬೀಗವನ್ನು ನಂಬಿ ಆಕೆ ಒಂದು ದಿನವಾದರೂ ಇಲ್ಲಿ ಇರುತ್ತಾಳೆಯೇ? ನಾಳೆಯ ಬಸ್ಸಿಗೇ ಹೊರಟುಬಿಡುತ್ತಾಳೆ. ಅವನು ತಂತಿ ತೂರಿಸಿದಾಗ ಇವರು ಮನಸ್ಸಿನಲ್ಲೇ ದೇವರಿಗೆ, ‘ತೆಗೆಸಪ್ಪಾ’ ಎಂದೂ ಮರುಕ್ಷಣ ‘ಬೇಡಪ್ಪಾ’ ಎಂದೂ ಅರ್ಜಿ ಹಾಕಿದರು.

ಒಳಗೇನೋ ಕಟ್ ಎಂದಿತು. ಟೂಲ್‌ರೂಮಿನವರ ಎದೆಯೂ ಕಟ್ ಎಂದಿತು. ತಂತಿ ಸುರುಳಿಯಾಗಿ ಹೊರಗೆ ಬಂತು.

ಬೀಗದವನು ಬೆವರೊರೆಸಿಕೊಂಡು, “ಇದನ್ನ ಮಾಡಿದವನು ಯಾರು ಸ್ವಾಮಿ?” ಎಂದ. ಎಲ್ಲರೂ ಬೆರಳು ತೋರಿಸಿದರು. ಅವನು ಇವರನ್ನೇ ನೋಡಿ, “ಯಾಕೆ ಸಾರ್ ಹೀಗೆ ಮಾಡಿದ್ರಿ?” ಎಂದು ನೊಂದುಕೊಂಡು ಕೇಳಿ, ಸಾಮಾನು ಕಟ್ಟಿಕೊಂಡು ಹೊರಟುಹೋದ.

ಮಧ್ಯಾಹ್ನದ ಹೊತ್ತಿಗೆ ದರ್ಜಿಯ ಫೋನಿನಿಂದ ಕಾರ್ಖಾನೆಗೆ ಸುದ್ದಿ ಹೋಗಿ, ಮ್ಯಾನೇಜರ್ ಸಾಹೇಬರೇ ಸಲಕರಣೆಯ ಚೀಲ ಹಿಡಿದು ಬಂದರು. ಕೋಟು ಬಿಚ್ಚಿ, ಮಂಡಿಯೂರಿ, ಒಂದೊಂದನ್ನೇ ಪ್ರಯೋಗಿಸಿದರು. ಬೀಗ ಅಲುಗಲಿಲ್ಲ. ಸಾಹೇಬರು ಅದನ್ನು ಬೆರಳಿನಿಂದ ಸವರಿದರು.

“ಈ ಹಿತ್ತಾಳೆ ಎಲ್ಲಿದು?”

ಟೂಲ್‌ರೂಮಿನವರ ಕೈ ಜಾರುವ ಪ್ಯಾಂಟನ್ನು ಮೇಲೆಳೆದುಕೊಂಡಿತು. “ನಮ್ಮಲ್ಲೇ... ಬಿಸಾಡೋ ತುಂಡು ಸಾರ್.”

“ಲೇತು?”

“ನಮ್ದೇ ಸಾರ್. ಕೆಲಸ ಮುಗಿದ ಮೇಲೆ.”

ಸಾಹೇಬರು ಎದ್ದು ಕೋಟು ತೊಟ್ಟುಕೊಂಡರು. ಬೀಗವನ್ನು, ಸೋತು ಕೂತ ಮೇಷ್ಟ್ರನ್ನು, ಸುರುಳಿಯಾದ ತಂತಿಯನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು, ಯಾರಿಗೋ ಕರೆ ಮಾಡುತ್ತಲೇ ಮೆಟ್ಟಿಲಿಳಿದರು. ಕೆಲಸಕ್ಕೂ ಕುತ್ತು ಬಂತು ಎಂದುಕೊಂಡರು ಟೂಲ್‌ರೂಮಿನವರು. ಒಮ್ಮೆ ಕೆಲಸ ಹೋಗಿ, ಈ ವಯಸ್ಸಿನಲ್ಲಿ ಊರು ಬಿಟ್ಟು ಬಂದವರಿಗೆ ಆ ಭಯದ ರುಚಿ ಚೆನ್ನಾಗಿ ಗೊತ್ತಿತ್ತು.

ವಠಾರದ ವರಸೆ ಮಾತ್ರ ಅಷ್ಟರಲ್ಲಿ ಬದಲಾಗಿತ್ತು. ಬೆಳಿಗ್ಗೆ ಬೈದ ಮನೆಯೊಡತಿಯೇ ದಾರಿಹೋಕರನ್ನು ಕರೆದು, “ನಮ್ಮ ಬೀಗ ನೋಡಿದ್ರಾ? ಕಾರ್ಖಾನೆ ಸಾಹೇಬರಿಗೇ ಆಗಲಿಲ್ಲ!” ಎನ್ನುತ್ತಿದ್ದಳು. ದರ್ಜಿ ಊಟ ತಂದುಕೊಟ್ಟ. ಮೇಷ್ಟ್ರು ಒಣಗಿದ ಸೋಪಿನ ತಲೆಯಲ್ಲೇ ಪಕ್ಕದಲ್ಲಿ ಕೂತು ಹೆಂಡತಿ, ಮಗಳು, ಹಳೆಯ ಕಾರ್ಖಾನೆ ಎಲ್ಲವನ್ನೂ ವಿಚಾರಿಸಿದರು. ಇಷ್ಟು ದಿನ ಈ ವಠಾರದಲ್ಲಿ ಟೂಲ್‌ರೂಮಿನವರೊಡನೆ ಇಷ್ಟು ಹೊತ್ತು ಮಾತಾಡಿದವರು ಯಾರೂ ಇರಲಿಲ್ಲ. ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು. ಸೋಪಿನ ಘಾಟಿಗೆ ಎಂದರು.

ಸಂಜೆ ಆಟೋದಿಂದ ಹೆಂಡತಿ ಇಳಿದಳು. ಮೆಟ್ಟಿಲ ತುಂಬ ಜನ. ಅವರ ನಡುವೆ ಮುಖ ಸೋತು, ಗಾಳಿ ತುಂಬಿದ ಚೀಲದಂತಹ ಬಟ್ಟೆಯಲ್ಲಿ ನಿಂತ ಗಂಡ. ಆಕೆ ಕೈಯಲ್ಲಿದ್ದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಕಣ್ಣೀರಾದಳು.

“ಅಯ್ಯೋ! ರೀ... ಇಷ್ಟೊಂದು ಇಳಿದುಹೋಗಿದ್ದೀರಲ್ರೀ!”

ಪಿನ್ನು ಹೊಟ್ಟೆಗೆ ಚುಚ್ಚುತ್ತಿದ್ದರೂ ಟೂಲ್‌ರೂಮಿನವರು ಬಟ್ಟೆಯ ಗುಟ್ಟು ಬಿಟ್ಟುಕೊಡಲಿಲ್ಲ. ಹೀಗೆ ತಮಗಾಗಿ ಒಬ್ಬರು ಕಣ್ಣೀರು ಹಾಕುವುದನ್ನು ಕಂಡು ಎಷ್ಟೋ ಕಾಲವಾಗಿತ್ತು. ಇನ್ನೂ ಸ್ವಲ್ಪ ಹೊತ್ತು ಹಾಕಲಿ ಅನ್ನಿಸಿತು.

ಮನೆಯೊಡತಿ ಇಡೀ ದಿನದ ಕತೆ ಹೇಳಿದಳು. ಹೆಂಡತಿ ಅದನ್ನು ಕೇಳಿ, ಕೊರಳಿನ ದಾರದಲ್ಲಿ ಪೋಣಿಸಿಕೊಂಡಿದ್ದ ಬೀಗದಕೈ ತೆಗೆದು ತೂರಿಸಿದಳು. ಬಾಗಿಲು ಬೆಣ್ಣೆಯಂತೆ ತೆರೆದುಕೊಂಡಿತು. ಮೇಷ್ಟ್ರು ಚಪ್ಪಾಳೆ ತಟ್ಟಿ ನೇರ ಬಚ್ಚಲಿಗೆ ಓಡಿದರು, ನಲ್ಲಿ ನಿಲ್ಲಿಸಲು.

ಆಕೆ ಲೋಟ ನೋಡಿದಳು. ದಿಂಬು ನೋಡಿದಳು. ಪೊರಕೆ ತೂರಿಸಿ ಬೀರುವಿನ ಹಿಂದಿನ ಬೀಗದಕೈಯನ್ನೂ ಹೊರಗೆಳೆದಳು. ಎಲ್ಲರೂ ಹೋದ ಮೇಲೆ ಮೆಲ್ಲಗೆ, “ಅಲ್ಲಿ ಮನೆ ಖಾಲಿ ಮಾಡಿಯೇ ಬಂದೆ. ಸಾಮಾನು ನಾಳೆ ಲಾರಿಯಲ್ಲಿ ಬರುತ್ತೆ” ಎಂದಳು.

“ನೋಡಿ ಹೇಳ್ತೀನಿ ಅಂದಿದ್ದೆಯಲ್ಲ?”

“ಸುಮ್ನೆ ಬೆದರಿಸಿದ್ದು. ಕೀ ಕೈಗೆ ಬಂದ ದಿನವೇ ನಿರ್ಧಾರ ಮಾಡಿದೆ.”

ಟೂಲ್‌ರೂಮಿನವರು ಪರದೆ ಕಟ್ಟಲು ಕುರ್ಚಿ ಹತ್ತಿದರು. ಸುಖಕ್ಕೆ ಹಳೆಯ ಹಾಡೊಂದನ್ನು ಗುನುಗಿದರು. ಕೆಲಸ ಹೋದರೆ ಹೋಗಲಿ, ಈ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಉಪವಾಸವಿದ್ದರಾಯಿತು ಎಂದುಕೊಂಡರು.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಮ್ಯಾನೇಜರ್ ಸಾಹೇಬರು ಸಿಹಿಯ ಡಬ್ಬಿಯೊಂದಿಗೆ ನಿಂತಿದ್ದರು.

“ವಿಡಿಯೋ ಮೇಲಿನವರಿಗೆ ಕಳಿಸಿದೆ. ಕುಣಿದಾಡಿಬಿಟ್ರು! ನಿಮ್ಮ ಬೀಗ ತಯಾರಿಸೋಕೇ ಹೊಸ ವಿಭಾಗ ಶುರು ಮಾಡ್ತಾರಂತೆ. ಅದಕ್ಕೆ ನೀವೇ ಮುಖ್ಯಸ್ಥರು.”

“ಇಲ್ಲೇ ತಾನೆ ಸಾರ್?”

“ಛೆ, ಇಲ್ಲಿ ಜಾಗ ಎಲ್ಲಿ? ಇನ್ನೊಂದು ಕಾರ್ಖಾನೆಯಲ್ಲಿ. ರೈಲಲ್ಲಿ ಒಂದು ದಿನ ಪೂರ್ತಿ ಆಗುತ್ತೆ. ಸೋಮವಾರವೇ ಹೊರಡಬೇಕು. ಸದ್ಯಕ್ಕೆ ಹಾಸ್ಟೆಲ್ಲು, ಕುಟುಂಬಕ್ಕೆ ಅವಕಾಶ ಇಲ್ಲ. ನಿಮ್ಮ ಜಾಗಕ್ಕೆ ಆಗಲೇ ಬೇರೆಯವರನ್ನ ಹೇಳಿಯಾಯ್ತು.” ಸಾಹೇಬರು ಹೆಂಡತಿಯ ಕಡೆ ತಿರುಗಿ ನಕ್ಕರು. “ಈ ಮನೆ ಬಾಡಿಗೆ ಕಂಪನಿಯೇ ಕೊಡುತ್ತೆ ತಾಯೀ. ನೀವು ಆರಾಮಾಗಿರಿ.”

ಬಾಗಿಲಲ್ಲೇ ಕಿವಿಗೊಟ್ಟು ನಿಂತಿದ್ದ ಮನೆಯೊಡತಿ, “ನೀವು ಧೈರ್ಯವಾಗಿ ಹೋಗಿಬನ್ನಿ, ಇವರನ್ನ ನಾವು ನೋಡ್ಕೋತೀವಿ” ಎಂದಳು. ದರ್ಜಿ ತಲೆಯಾಡಿಸಿದ. ಮಿಂದು ಬಂದಿದ್ದ ಮೇಷ್ಟ್ರೂ ಆಡಿಸಿದರು.

ಟೂಲ್‌ರೂಮಿನವರು ಕೊನೆಯ ಆಸೆಯಿಂದ ಹೆಂಡತಿಯ ಮುಖ ನೋಡಿದರು. ಒಬ್ಬಳೇ ಇರಲು ನನಗೆ ಭಯ ಎಂದು ಒಂದು ಸಲ, ಇದೊಂದು ಸಲ, ಹೇಳಿಬಿಡಲಿ.

ಆಕೆ ಎರಡನೆಯ ಲೋಟವನ್ನು ತಿರುಗಿಸುತ್ತ ನಿಂತು, “ಇಂಥ ಬೀಗ ಮಾಡಿಕೊಟ್ಟಿದ್ದೀರಿ, ಇಷ್ಟು ಜನ ಇದ್ದಾರೆ. ಇನ್ನೇನು ಭಯ ಹೇಳಿ ನನಗೆ?” ಎಂದಳು. ದನಿ ಮಾತ್ರ ಅವಳದಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆ ಎತ್ತಿಕೊಂಡ ಟೂಲ್‌ರೂಮಿನವರು ಅಭ್ಯಾಸದಿಂದ ಮೊಳೆಯತ್ತ ಕೈ ಚಾಚಿದರು. ಮೊಳೆ ಬರಿದಾಗಿತ್ತು. ಎರಡೂ ಬೀಗದಕೈ ಹೆಂಡತಿಯ ಕೊರಳ ದಾರದಲ್ಲಿದ್ದವು.

“ನಿಮ್ಮ ಕೈಗೆ ಕೊಟ್ರೆ ಮತ್ತೆ ಎಲ್ಲಾದ್ರೂ ಮರೀತೀರಿ. ನೀವು ಬಂದಾಗ ಬಾಗಿಲು ತಟ್ಟಿ. ಯಾರು ಅಂತ ಕೇಳಿ ತೆಗೀತೀನಿ” ಎಂದು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಾಗ ಮುಖ ಕಾಣದಿರಲೆಂದು ಬಾಗಿಲು ಮುಚ್ಚಿಕೊಂಡಳು.

ಮೆಟ್ಟಿಲ ಮೇಲೆ ನಿಂತ ಅವರಿಗೆ ಹಿಂದಿನಿಂದ ‘ಟಿಕ್’ ಎಂಬ ಸಣ್ಣ ಸದ್ದು ಕೇಳಿಸಿತು. ಕಿವಿಗೊಟ್ಟು ಕೇಳಿದರು. ಒಂದಿಷ್ಟೂ ಸಡಿಲವಿರಲಿಲ್ಲ.