ಕೂಡ್ಲೆಪ್ಪನ ಎಡಪಕ್ಕೆಯ ಮಹಾಸಮರ

ರಸಿಕ ಜನರೇ, ಕಿವಿಗೊಡಿ! ಉಂಡದ್ದು ಅರಗದೆ ಮನುಕುಲವೇ ನರಳುತ್ತಿರುವ, ಔಷಧದಂಗಡಿಗಳ ಮುಂದೆ ದೇವಾಲಯಕ್ಕಿಂತ ಉದ್ದದ ಸಾಲು ನಿಲ್ಲುವ ಈ ಆಮ್ಲಯುಗದಲ್ಲಿ, ಖಣ-ಕುಬಸಗಳ ವ್ಯಾಪಾರದಿಂದ ಗುಳೇದಗುಡ್ಡವನ್ನು ಬೆಳಗಿದ ಮಿರ್ಚಿಭಜಿ-ವಿಧ್ವಂಸಕ, ಎದೆಯುರಿ-ಭಂಜನ, ಶಸ್ತ್ರಚಿಕಿತ್ಸಾ-ವಿಜೇತ ಶ್ರೀಮಾನ್ ಕೂಡ್ಲೆಪ್ಪನ ಕಥೆಯನ್ನು ಹೇಳುತ್ತೇನೆ. ಹೇಳದಿದ್ದರೆ ನನ್ನ ಹೊಟ್ಟೆಯೂ ಉಬ್ಬೀತು.

ವರ್ಷಗಳ ಹಿಂದೆ, ಜಠರದಿಂದ ಗಂಟಲಿಗೆ ದಂಡೆತ್ತಿ ಬರುತ್ತಿದ್ದ ಹುಳಿಯ ಸೈನ್ಯವನ್ನು ತಡೆಯಲೆಂದು ವೈದ್ಯಶ್ರೇಷ್ಠರು ಈ ವೀರನ ಹೊಟ್ಟೆಯ ಮೇಲ್ತುದಿಯನ್ನೇ ಅನ್ನನಾಳದ ಬುಡಕ್ಕೆ ಮಫ್ಲರಿನಂತೆ ಸುತ್ತಿ ಹೊಲಿದುಬಿಟ್ಟಿದ್ದರು. ಎದೆಯುರಿ ಅಡಗಿತು. ಅದರ ಜೊತೆಗೆ ತೇಗೂ ಅಡಗಿತು. ಹುಳಿ ಮೇಲೇರದ ದಾರಿಯಲ್ಲಿ ಗಾಳಿಯೂ ಏರಲಾರದಾಯಿತು. ಅದು ಸಾಲದೆಂಬಂತೆ ಈಚೆಗೆ ಎಡ ಪಕ್ಕೆಲುಬಿನಡಿ ಹೆಸರಿಲ್ಲದ ನೋವೊಂದು ಬಿಡಾರ ಹೂಡಿ, ಮನಸ್ಸು ಬಂದಾಗಲೆಲ್ಲ ಈಟಿಯಿಂದ ತಿವಿಯತೊಡಗಿತು. ಸ್ಕ್ಯಾನಿಂಗು, ಎಂಡೋಸ್ಕೋಪಿಗಳೆಂಬ ಗೂಢಚಾರರು ಒಳಹೊಕ್ಕು ಸಂದುಗೊಂದು ಜಾಲಾಡಿ, ಶತ್ರು ಕಾಣಲಿಲ್ಲವೆಂದು ಪೆಚ್ಚುಮೋರೆ ಹಾಕಿಕೊಂಡು ಮರಳಿದರು.

ಹೀಗಿರಲು, ಮಗಳು ದಾಕ್ಷಾಯಣಿಯ ಮದುವೆ ಮಾತುಕತೆಗೆಂದು ನಮ್ಮ ವೀರನು ಪತ್ನಿ ನೀಲಮ್ಮನೊಡನೆ ರೋಣಕ್ಕೆ ದಯಮಾಡಿಸಿದನು. ಹುಡುಗ ದಾಕ್ಷಾಯಣಿಯ ಮನಸ್ಸಿಗೆ ಬಂದಿದ್ದ. ಆದರೆ ಆ ಮನೆಯ ಮಾತು ಹುಡುಗನದಲ್ಲ, ಅವನ ಅಜ್ಜಿಯದು. ಹೂರಣ-ಮರ್ದನ-ಪ್ರಚಂಡೆ, ಲಟ್ಟಣಿಗೆ-ದಂಡಧಾರಿಣಿ ಬಸಲಿಂಗವ್ವನ ಆಳ್ವಿಕೆಯಲ್ಲಿ ಅನಾದಿಯಿಂದ ಒಂದು ನೇಮವಿತ್ತು: ಬೀಗನಾಗುವವನು ಅವಳ ಕೈಯ ಹೋಳಿಗೆ ಉಂಡು, ಪಡಸಾಲೆಗೆ ಕೇಳುವಂತೆ ತೇಗಬೇಕು. ಅನಂತರವೇ ಎಲೆ-ಅಡಿಕೆ, ಅನಂತರವೇ ಸಂಬಂಧ. ಇತ್ತ ನೀಲಮ್ಮನೋ, 'ನಮ್ಮ ಮನ್ಯಾಗ ಯಾರಿಗೂ ಒಂದು ಬ್ಯಾನಿ ಇಲ್ರೀ' ಎಂದು ಮೊದಲೇ ಕೊಚ್ಚಿಕೊಂಡುಬಿಟ್ಟಿದ್ದಳು.

ಕೂಡ್ಲೆಪ್ಪ ಉಂಡನು. ತುಪ್ಪ ಹರಿಯಿತು, ಹೋಳಿಗೆಯ ಮೇಲೆ ಹೋಳಿಗೆ ಬಿತ್ತು. ಒಳಗೆ ಸಿಕ್ಕಿಬಿದ್ದ ವಾಯುವು ಹೊರದಾರಿ ಕಾಣದೆ ಭೋರ್ಗರೆದು, ಎಡಪಕ್ಕೆಗೆ ನುಗ್ಗಿ ಈಟಿಯನ್ನೆತ್ತಿತು. ವೀರನ ಹಣೆಯಲ್ಲಿ ಬೆವರೊಡೆಯಿತು.

"ಯಾಕ್ರೀ, ಮಾರಿ ಹಿಂಗ್ಯಾಕ ಮಾಡೀರಿ? ನಮ್ಮ ಹೋಳಿಗಿ ಸೇರಲಿಲ್ಲೇನು?" ಎಂದಳು ಬಸಲಿಂಗವ್ವ.

"ಭಾಳ ಛಲೋ ಅದಾವ್ರೀ, ಆಯಿ."

"ಛಲೋ ಇದ್ರ ಒಂದು ತೇಗರ ಬರಬೇಕಲ್ಲ!"

ಬಾಗಿಲ ಮರೆಯಲ್ಲಿ ನೀಲಮ್ಮ ಸೆರಗು ಕಚ್ಚಿಕೊಂಡಳು. ಕೂಡ್ಲೆಪ್ಪನ ಕಣ್ಣಿಗೆ ಮಗಳ ಮುಖ ಕಟ್ಟಿತು. ಆಗ ಆ ಧೀರನು ಮನದೊಳಗೇ ಗರ್ಜಿಸಿದನು: 'ಎಲೈ ಪಾರ್ಶ್ವಶೂಲವೇ! ಅನಾಮಿಕ ಚೋರನೇ! ಕತ್ತರಿ ಕಂಡವನಿಗೆ ನಿನ್ನ ಈಟಿಯೊಂದು ಲೆಕ್ಕವೇ? ನನ್ನ ಮಗಳ ಹಸೆಮಣೆಗೆ ಅಡ್ಡ ಬಂದೆಯಾದರೆ, ಪ್ರಾಣ ಹೋದರೂ ಸರಿ, ನಿನ್ನನ್ನು ಇಂದೇ ಬಯಲಿಗೆಳೆಯದೆ ಬಿಡೆನು!'

ಹೀಗೆ ಶಪಥಗೈದು, ಸತ್ಯವನ್ನೇ ಖಡ್ಗವಾಗಿ ಹಿರಿದು, ಎಲೆಯ ಮುಂದಿನಿಂದ ಮೇಲೆದ್ದನು.

"ಆಯಿ, ಸುಳ್ಳು ಹೇಳಂಗಿಲ್ಲ. ನನ್ನ ಹೊಟ್ಟಿ ಆಪರೇಶನ್ ಆಗೇತಿ. ತೇಗು ಬರಂಗಿಲ್ಲ. ಪಕ್ಕಡಿ ನೋಯ್ತೈತಿ, ಯಾಕಂತ ಡಾಕ್ಟರಿಗೂ ಗೊತ್ತಿಲ್ಲ. ನಿಮ್ಮ ಹೋಳಿಗಿದು ತಪ್ಪಲ್ಲ, ನನ್ನ ಮಗಳದೂ ತಪ್ಪ..."

ಮಾತು ಮುಗಿಯಲಿಲ್ಲ. ಮೇಲೆದ್ದ ರಭಸಕ್ಕೆ ಕದಲಿದ ಆ ಮಹಾವಾಯುವು, ಊರ್ಧ್ವಮಾರ್ಗದ ಆಸೆಯನ್ನು ತೊರೆದು, ಅಧೋಮುಖವಾಗಿ ಧಾವಿಸಿ, ರಣಭೇರಿಯೋ ಪ್ರಳಯಮೇಘವೋ ಎಂಬಂತೆ ಮೊಳಗಿ, ಆಮೇಲೆ ಬಹಳ ಹೊತ್ತು ಸಣ್ಣಗೆ ಸಿಳ್ಳು ಹಾಕುತ್ತ ಹೊರಬಿದ್ದಿತು. ಕೂಡ್ಲೆಪ್ಪನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಮರುಕ್ಷಣವೇ ಅವನು ಪಕ್ಕೆ ಮುಟ್ಟಿ ನೋಡಿಕೊಂಡನು.

"ಏ ನೀಲಾ! ನೋವು ಹೋತಽ!" ಎಂದು ಕೂಗಿದನು.

ಬಸಲಿಂಗವ್ವ ಮೂಗಿಗೆ ಸೆರಗು ಹಿಡಿದು, ನ್ಯಾಯಪೀಠದ ಗಾಂಭೀರ್ಯದಿಂದ ತೀರ್ಪಿತ್ತಳು: "ಎಲ್ಲಿಂದ ಬಂದ್ರೇನು, ಬಂತಲ್ಲ! ಹೊಟ್ಟಿ ತುಂಬ ಉಂಡಾವಗ ಬರೋ ಸಪ್ಪಳ ಅದು. ತಟ್ಟಿ ತರ್ರೆವಾ, ಎಲಿ-ಅಡಿಕಿ ಬದಲಿ ಮಾಡೂಣು."

ಹೀಗೆ ಎರಡು ಮನೆತನಗಳು ಒಂದಾದವು. ನೀಲಮ್ಮ ಅತ್ತಳು, ನಕ್ಕಳು. ದೇವತೆಗಳು ಹೂಮಳೆಗರೆದರೋ ಇಲ್ಲವೋ ತಿಳಿಯದು. ಯಾರೋ ಎದ್ದು ಹೋಗಿ ಕಿಟಕಿ ತೆರೆದರು.