ಅಧಿಕಪ್ರಸಂಗಿ ಕುಕ್ಕರ್

ನಮ್ಮ ಆಸ್ಪತ್ರೆಯಲ್ಲಿ ಅನುಮತಿ ಇಲ್ಲದೆ ಈವರೆಗೆ ಯಾವುದೂ ಆಫ್ ಆಗಿಲ್ಲ ಎಂಬುದು ದಾಖಲೆಯಲ್ಲಿರುವ ಸಂಗತಿ. ಕಾರಿಡಾರಿನ ಫ್ಯಾನೊಂದು ನಾಲ್ಕು ವರ್ಷದಿಂದ ಬಿಡುವಿಲ್ಲದೆ ತಿರುಗುತ್ತಿದೆ. ಅದರ ಫೈಲೂ ತಿರುಗುತ್ತಿದೆ.

ಇಂಥ ಶಿಸ್ತಿನ ಸಂಸ್ಥೆಗೆ ಕಳಂಕ ತಂದವನು ನಮ್ಮದೇ ಎಲೆಕ್ಟ್ರಿಷಿಯನ್. ಅವನ ತಾಯಿ ಗಂಟಲಿನ ಆಪರೇಷನ್ ಆಗಿ ಮೂರನೇ ವಾರ್ಡಿನಲ್ಲಿದ್ದರು. ಮಾತಿಲ್ಲ, ಮೆತ್ತಗಿನದು ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯದು. ನಮ್ಮ ಅಡುಗೆಮನೆಯ ಮೊಟ್ಟೆಯೋ, ನೆಲಕ್ಕೆಸೆದರೆ ಪುಟಿಯುತ್ತಿತ್ತು. ಆತ ಹಳೇ ಪಾತ್ರೆಗೆ ಹೀಟರ್ ಕಾಯಿಲ್, ಶಾಖ ಅಳೆಯುವ ಸೆನ್ಸರ್, ಮಕ್ಕಳು ಆಟದ ರೋಬೋಟಿಗೆ ಹಾಕುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು ಸೇರಿಸಿ, ಅಡುಗೆಮನೆಯ ಮೂಲೆಯಲ್ಲೇ ಒಂದು ಕುಕ್ಕರ್ ಕಟ್ಟಿದ. ನೀರು ಅರವತ್ತೈದು ಡಿಗ್ರಿ ಮುಟ್ಟಿದರೆ ತಾನೇ ಆಫ್, ಇಳಿದರೆ ತಾನೇ ಆನ್. ಒಂದು ಗಂಟೆ ಬೆಂದರೆ ಮೊಟ್ಟೆ ಬೆಣ್ಣೆ. ನಾಲ್ಕು ದಿನ ಉಪವಾಸವಿದ್ದ ತಾಯಿ ಎರಡು ತಿಂದು ಮಗನ ಕೆನ್ನೆ ಸವರಿದರು.

ಮೇಲ್ವಿಚಾರಕರು ತಪಾಸಣೆಗೆ ಬಂದಾಗ ಕುಕ್ಕರ್ ಟಿಕ್ ಎಂದು ಆಫ್ ಆಯಿತು.

“ಯಾರನ್ನ ಕೇಳಿ ಆಫ್ ಆಯ್ತು ಇದು?”

“ಸಾರ್, ಅರವತ್ತೈದು ಡಿಗ್ರಿ ಬಂತಲ್ಲ, ಅದಕ್ಕೆ.”

“ನಿನ್ನ ಸರ್ವಿಸ್ ಎಷ್ಟಪ್ಪಾ?”

“ಇಪ್ಪತ್ತೆರಡು ವರ್ಷ ಸಾರ್.”

“ಒಂದು ದಿನವಾದ್ರೂ ಕೇಳದೆ ಸ್ವಿಚ್ ಮುಟ್ಟಿದ್ದೀಯಾ?”

“ಅಯ್ಯೋ, ಇಲ್ಲ ಸಾರ್!”

“ಇದು ಹುಟ್ಟಿ ಇನ್ನೂ ಒಂದು ವಾರ ಆಗಿಲ್ಲ. ಎಂಥಾ ಅಧಿಕಪ್ರಸಂಗ ನೋಡು!”

ಸಂಜೆಗೆ ಸುತ್ತೋಲೆ ಹೊರಬಿತ್ತು: “ಸದರಿ ಕುಕ್ಕರ್ ಆಫ್ ಆಗಬಯಸಿದಲ್ಲಿ ಕೆಂಪು ದೀಪ ಹೊತ್ತಿಸಿ ವಿನಂತಿಸತಕ್ಕದ್ದು. ಗುಮಾಸ್ತರು ಹಾಗೂ ಹೆಡ್ ಗುಮಾಸ್ತರ ಮೂಲಕ ಬಂದ ವಿನಂತಿಯನ್ನು ಮೇಲ್ವಿಚಾರಕರು ಮೂರು ಕೆಲಸದ ದಿನಗಳೊಳಗೆ ಪರಿಶೀಲಿಸುವರು. ಅಲ್ಲಿಯವರೆಗೆ ನೀರು ಅರವತ್ತೈದು ಡಿಗ್ರಿಯಲ್ಲೇ ಇದೆಯೆಂದು ಭಾವಿಸತಕ್ಕದ್ದು.”

ಎಲೆಕ್ಟ್ರಿಷಿಯನ್ನೇ ಬೋರ್ಡಿನ ಪ್ರೋಗ್ರಾಂ ತಿದ್ದಿದ. ನೀರು ಸುತ್ತೋಲೆ ಓದಿರಲಿಲ್ಲ, ಕೊತಕೊತ ಕುದಿಯಿತು. ಆತ ಸ್ವಿಚ್ಚಿನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ಥೂ, ಆ ಮೊಟ್ಟೆಯನ್ನು ನಾಯಿಯೂ ಮೂಸುತ್ತಿರಲಿಲ್ಲ.

“ದಮ್ಮಯ್ಯ ಸಾರ್, ಮೊಟ್ಟೆ ಕಲ್ಲಾಗಿದೆ. ಅಮ್ಮ ಎರಡು ದಿನದಿಂದ ಏನೂ ತಿಂದಿಲ್ಲ.”

“ಫೈಲ್ ಪ್ರಕಾರ ಮೆತ್ತಗಿದೆಯಲ್ಲಪ್ಪಾ!” ಎಂದರು ಮೇಲ್ವಿಚಾರಕರು. ಆದರೂ ಹೆತ್ತ ತಾಯಿಯ ವಿಷಯವೆಂದು ಕರುಣೆ ತೋರಿ ಮೂವರ ಸಮಿತಿಯನ್ನು ವಾರ್ಡಿಗೆ ಕಳಿಸಿದರು.

ಸಮಿತಿ ಮಂಚದ ಸುತ್ತ ನಿಂತಿತು. ಹೆಡ್ ಗುಮಾಸ್ತರು ತಟ್ಟೆ ಮುಂದಿಟ್ಟರು. “ಅಮ್ಮಾ, ಮೊಟ್ಟೆ ಗಟ್ಟಿಯಿದೆ ಅಂತ ದೂರು ಇದ್ರೆ ಸಂಕೋಚ ಬೇಡ, ಬಾಯಿಬಿಟ್ಟು ಹೇಳಿ.”

ತಾಯಿ ಬಾಯಿ ತೆರೆದರು. ದನಿ ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಸಮಿತಿ ನಿಯಮದಂತೆ ಐದು ನಿಮಿಷ ಕಾದು, “ರೋಗಿಯ ಆಕ್ಷೇಪಣೆ ಇಲ್ಲ; ಆನಂದಬಾಷ್ಪ ಕಂಡುಬಂದಿದೆ” ಎಂದು ಬರೆದುಕೊಂಡಿತು. ಸಾಕ್ಷಿಯ ಜಾಗದಲ್ಲಿ ಮಗ ಸಹಿ ಹಾಕಿದ.